ತುಳಸಿಕಟ್ಟೆಗೆ ಕೊಟ್ಟ ಅರ್ಥಿಂಗು

ಅವ್ವನಿಗೆ ಕಿವಿ ಮಂದವಾಗಿ ಕೆಲವು ವರ್ಷಗಳಾಗಿವೆ. ಕಿವಿಗೆ ಸಿಕ್ಕಿಸುವ ಮೆಷಿನ್ ತಂದುಕೊಟ್ಟರೆ "ಕಿವೀಲಿ ಜೀರುಂಡೆ ಬುಟ್ಕಂಡಂಗಾಯ್ತದೆ" ಎಂದು ಅದನ್ನು ಸಾಸಿವೆ ಡಬ್ಬಿಯ ಪಕ್ಕ ಇಟ್ಟುಬಿಟ್ಟಳು. ಟಿವಿ ಕೇಳಿಸದಿದ್ದರೆ ಅವಳಿಗೆ ಚಿಂತೆಯಿಲ್ಲ. ಕೇಳಿಸಬೇಕಾದದ್ದು ಒಂದೇ, ತೀರಿಹೋದ ಅಕ್ಕನ ದನಿ.

ಆ ಅಕ್ಕ, ಮಳವಳ್ಳಿ ಕಡೆಗೆ ಕೊಟ್ಟಿದ್ದ ನಮ್ಮ ದೊಡ್ಡವ್ವ, ಸಾಯುವ ಮೊದಲು ನನ್ನ ಫೋನಿನಲ್ಲಿ ರಾಗಿ ಬೀಸುವ ಪದ ಹೇಳಿ ರೆಕಾರ್ಡ್ ಮಾಡಿಸಿದ್ದಳು. ಚಿಕ್ಕಂದಿನಲ್ಲಿ ಅಕ್ಕತಂಗಿ ಒಂದೇ ಕಲ್ಲಿನ ಗೂಟ ಹಿಡಿದು ಬೀಸಿದವರು. ಅಕ್ಕ ಒಂದು ಸಾಲು ಹೇಳಿದರೆ ತಂಗಿ ಅದನ್ನೇ ತಿರುಗಿ ಹೇಳಬೇಕು. ಆ ಅಭ್ಯಾಸಬಲ, ದೊಡ್ಡವ್ವ ಫೋನಿನ ಮುಂದೆಯೂ ಪ್ರತಿ ಸಾಲಾದ ಮೇಲೆ ಸುಮ್ಮನೆ ಕಾದಿದ್ದಾಳೆ. ಆ ಖಾಲಿ ಜಾಗದಲ್ಲಿ ಅವ್ವ ತನ್ನ ಪಾಲಿನದು ಹೇಳುತ್ತಾಳೆ. ಅದು ಅವಳ ದಿನದ ಊಟವಿದ್ದ ಹಾಗೆ.

ಫೋನಿನ ದನಿ ಅವಳಿಗೆ ಸಾಲದು ಎಂದು ಆಂಪ್ಲಿಫೈಯರ್ ಕಟ್ಟಲು ಕೂತೆ. ಮಂಡ್ಯದ ಕಚೇರಿಯೊಂದರಲ್ಲಿ ಗುಮಾಸ್ತ ನಾನು, ಈ ವಿದ್ಯೆಯೆಲ್ಲ ವಿಡಿಯೋ ನೋಡಿ ಕಲಿತದ್ದು. ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಟ್ರಾನ್ಸ್‌ಫಾರ್ಮರ್ ಮತ್ತು ಬೋರ್ಡು, ಮಡಕೆಯ ಬಾಯಿಗೆ ಕೂರಿಸಿದ ಸ್ಪೀಕರು. ಹೊಳಲು ಊರಿನ ನಮ್ಮ ಹಳೆಯ ಮನೆಯಲ್ಲಿ ಅರ್ಥಿಂಗ್ ಎನ್ನುವುದು ಹೆಸರಿಗೂ ಇಲ್ಲ. ಅದಕ್ಕೇ ಡಬ್ಬಿಯಿಂದ ತಂತಿ ಎಳೆದು, ಹಿತ್ತಲಿನ ತುಳಸಿಕಟ್ಟೆಯ ಬುಡಕ್ಕೆ ಒಂದು ಕಬ್ಬಿಣದ ಸರಳು ಹೊಡೆದು ಸುತ್ತಿದೆ. ಅಲ್ಲಿ ಮಣ್ಣು ಯಾವಾಗಲೂ ಹಸಿ. ದೊಡ್ಡವ್ವ ಪಕ್ಕದಲ್ಲೇ ಕೂತಂತೆ ಹಾಡಿದಳು, ನನ್ನ ಬುದ್ಧಿಗೆ ನಾನೇ ಬೀಗಿದೆ.

ಬೇಸಿಗೆಯಲ್ಲಿ ಪಕ್ಕದ ಮನೆಯ ದಾಯಾದಿ ಚಿಕ್ಕಪ್ಪ ತೀರಿಕೊಂಡ. ಹೊಲದ ಬದುವಿನ ಜಗಳಕ್ಕೆ ಎರಡು ಮನೆಗೂ ಮಾತು ನಿಂತು ಎಷ್ಟೋ ಕಾಲವಾಗಿತ್ತು. ನಾನು ಮಣ್ಣಿಗೆ ಹೋಗಿಬಂದೆ, ಅವ್ವ ಹೊಸ್ತಿಲು ದಾಟಲಿಲ್ಲ. ಮಾತು ಬಿಟ್ಟರೂ ಸೂತಕ ಬಿಡುತ್ತದೆಯೆ? ದೇವರ ಮನೆ ಬಾಗಿಲು ಹಾಕಿತು, ದೀಪವಿಲ್ಲ, ಪೂಜೆಯಿಲ್ಲ.

ಅದೇ ವಾರ ನನ್ನ ಡಬ್ಬಿ ಗೊರ್ ಅನ್ನತೊಡಗಿತು. ಮೊದಲು ಸಣ್ಣಗೆ, ಆಮೇಲೆ ರಾಗಿಕಲ್ಲು ಬರಿದೇ ತಿರುಗಿದಂತೆ. ದೊಡ್ಡವ್ವ ಕಾಯುವ ಜಾಗದಲ್ಲೆಲ್ಲ ಅದೇ ತುಂಬಿಕೊಂಡಿತು. ಅವ್ವ ತಿರುಗಿ ಹೇಳುವುದನ್ನು ನಿಲ್ಲಿಸಿದಳು. ನಾನು ಪದ ಹಾಕಿದಾಗಲೆಲ್ಲ ಕೈಚಾಚಿ ದನಿ ತಗ್ಗಿಸಿಬಿಡುತ್ತಿದ್ದಳು. ಅಕ್ಕನ ಸಾಲು ಎಲ್ಲಿ ಮುಗಿಯಿತೆಂದು ಪಾಪ ತಿಳಿಯುತ್ತಿಲ್ಲ ಎಂದುಕೊಂಡೆ.

ಮಂಡ್ಯದ ಅಂಗಡಿಯವನು "ಫಿಲ್ಟರ್ ಕಂಡೆನ್ಸರ್ ಓಗಿರ್ತದೆ ಸಾ" ಎಂದ. ಹಾಕಿದೆ, ಗೊರ್. ಬೋರ್ಡು ಬದಲಿಸಿದೆ, ಗೊರ್. ಫೋನಿನ ವೈರು ಕಿತ್ತೆ, ಆಗಲೂ ಗೊರ್. ವಿಚಿತ್ರವೆಂದರೆ ಡಬ್ಬಿಯ ಮೇಲೆ ಕೈಯಿಟ್ಟರೆ ಸದ್ದು ಅರ್ಧಕ್ಕಿಳಿಯುತ್ತದೆ, ತೆಗೆದರೆ ಮತ್ತೆ ಏರುತ್ತದೆ. ಸಾಕಿದ ನಾಯಿಗೂ ಇಷ್ಟು ಅಕ್ಕರೆ ಬೇಡ! ತಲೆಕೆಟ್ಟು ಬೆಸುಗೆಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ ಎಂದು ಆಗ ತಿಳಿಯಲಿಲ್ಲ.

"ಸೂತಕ ಕಳೀಲಿ ಬುಡ್ಲಾ. ಆಮೇಕೆ ನೋಡಮ" ಎಂದಳು ಅವ್ವ.

"ಸೂತಕಕ್ಕೂ ಸರ್ಕ್ಯೂಟಿಗೂ ಏನವ್ವ ಸಂಬಂಧ?" ಎಂದು ಕೂಗಿದೆ. ಮೆಲ್ಲಗೆ ಹೇಳಿದರೆ ಅವಳಿಗೆ ಕೇಳಿಸುವುದೂ ಇಲ್ಲ.

ಸೂತಕ ಕಳೆದ ದಿನ ಮನೆಯೆಲ್ಲ ತೊಳೆದಾಯಿತು. ನಾನು ರಜೆ ಹಾಕಿ, ಗೊರಗುಟ್ಟುವ ಡಬ್ಬಿಯ ಮುಂದೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದೆ. ಅವ್ವ ಸ್ನಾನ ಮಾಡಿ, ಕೊಡ ಹೊತ್ತು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ನಾನು ಏನನ್ನೂ ಮುಟ್ಟದೆ ಸದ್ದು ತಗ್ಗಿತು, ಇನ್ನಷ್ಟು ತಗ್ಗಿತು, ನಿಂತೇಹೋಯಿತು. ಭೂತ ಬಿಟ್ಟಂತೆ! ಬಾಗಿಲಿಗೆ ಬಂದು ನೋಡಿದರೆ ಅವ್ವ ಬಾಡಿದ ತುಳಸಿಗೆ ನೀರು ಹುಯ್ಯುತ್ತಿದ್ದಾಳೆ. ಸೂತಕವೆಂದು ಅಷ್ಟು ದಿನ ಒಂದು ತಂಬಿಗೆಯೂ ಹಾಕಿರಲಿಲ್ಲ. ನನ್ನ ಸರಳು ಒಣಮಣ್ಣಿನಲ್ಲಿ ನಿಂತಿತ್ತು, ಅರ್ಥಿಂಗ್ ಹಿಡಿಯದೆ ಡಬ್ಬಿ ಗೊರಗುಟ್ಟಿತ್ತು. ಹೊಲದ ಪಂಪ್‌ಸೆಟ್ಟಿನ ಅರ್ಥಿಂಗ್ ಗುಂಡಿಗೆ ಪ್ರತಿ ಬೇಸಿಗೆಯಲ್ಲೂ ನೀರು ಹಾಕಿಸುವ ಮನುಷ್ಯ ನಾನು, ಮನೆಯ ಡಬ್ಬಿಗೆ ಅದು ಹೊಳೆಯಲಿಲ್ಲವಲ್ಲ ಎಂದು ಒಬ್ಬನೇ ನಕ್ಕೆ.

ಅವ್ವನನ್ನು ಕೈಹಿಡಿದು ಕರೆತಂದು ಕೂರಿಸಿ ಪದ ಹಾಕಿದೆ. ದೊಡ್ಡವ್ವ ಒಂದು ಸಾಲು ಹೇಳಿ ಕಾದಳು. ಅವ್ವ ಬಾಯಿ ಬಿಡಲಿಲ್ಲ. ಮತ್ತೆ ಕೈಚಾಚಿ ದನಿ ತಗ್ಗಿಸಿದಳು. ಗೊರ್ ಇಲ್ಲ, ಏನಿಲ್ಲ, ಮತ್ತೇಕೆ?

"ಸೂತಕ ಕಳೀತಲ್ಲವ್ವ, ಯೋಳು."

"ನಮ್ಗೆ ಕಳೀತು ಕಣ್ಲಾ. ಗೋಡೆ ಆಚೆ ಇರೋಳ್ಗೆ ಕಳ್ದದಾ? ಅವ್ಳು ಅಳ್ತಾ ಕೂತಿರ್ವಾಗ ಈಚೆ ಕಡೆ ನಾನು ಪದ ಯೋಳ್ಲಾ?"

ಗೊರ್ ಸದ್ದು ಅವಳಿಗೆ ಲೆಕ್ಕವೇ ಇರಲಿಲ್ಲ. "ಅಳೋದು ನಿಂಗೆ ಕೇಳಿಸ್ತದಾ?" ಎಂದೆ.

"ಕೇಳುಸ್ಬೇಕೇನ್ಲಾ? ಗಂಡ ಸತ್ತೋಳು ಅಳ್ದೆ ಇದ್ದಾಳಾ?"

ಅಷ್ಟರಲ್ಲಿ ದೊಡ್ಡವ್ವ ಇನ್ನೊಂದು ಸಾಲು ಮುಗಿಸಿ ಕಾಯತೊಡಗಿದಳು. ಆ ಜಾಗದಲ್ಲಿ ಈಗ ಏನೂ ಇರಲಿಲ್ಲ. ಗೋಡೆಯಾಚೆಯಿಂದ ಅಳು ಕೇಳಿಸಿತು, ಸೋತ, ಸಣ್ಣ ದನಿ. ಇಷ್ಟು ದಿನ ಅದು ಅಲ್ಲೇ ಇದ್ದಿರಬೇಕು. ನಾನು ಬೇರೆ ಸದ್ದನ್ನು ಹುಡುಕುತ್ತಿದ್ದೆ.

"ಆರ್ಸು ಅದ್ನ" ಎಂದು ಅವ್ವ ಎದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹೊಸ್ತಿಲು ದಾಟಿ, ಆ ಮನೆಯ ಕಡೆ ತಿರುಗಿದಳು.