ತೋಳು ಬಿಚ್ಚುವ ಪರೀಕ್ಷೆ

ದೊಡ್ಡಮ್ಮನ ಹೊಲಿಗೆ ಅಂಗಡಿಗೆ ಕೆಲಸ ಕೇಳಿಕೊಂಡು ಬಂದವರಿಗೆ ಅವಳು ಮೊದಲು ಒಂದು ಲೋಟ ನೀರು ಕೊಡುತ್ತಿದ್ದಳು, ಆಮೇಲೆ ಒಂದು ಸೊಟ್ಟ ಅಂಗಿ ಕೊಡುತ್ತಿದ್ದಳು. ಹಿಂದಿನ ದಿನವೇ ಉಳಿಕೆ ಬಟ್ಟೆಯಲ್ಲಿ ತೋಳನ್ನು ಬೇಕೆಂದೇ ತಪ್ಪಾಗಿ ಕೂಡಿಸಿ ಇಟ್ಟಿರುತ್ತಿದ್ದಳು. "ಈ ತೋಳು ಬಿಚ್ಚಿ ಕೊಡಿ" ಅನ್ನುವಳು, ಅಷ್ಟೇ. ಮುಂದೆ ಸೂಜಿ, ಅರ್ಧ ಬ್ಲೇಡು, ಕತ್ತರಿ ಮೂರೂ ಇರುತ್ತಿದ್ದವು. ಎಲ್ಲಿ ಕಲಿತಿರಿ, ಎಷ್ಟು ವರ್ಷ ದುಡಿದಿರಿ ಎಂಬುದೆಲ್ಲ ಆಮೇಲಿನ ಮಾತು.

ಒಮ್ಮೆ ಒಬ್ಬಾತ ಸರ್ಟಿಫಿಕೇಟುಗಳ ದಪ್ಪ ಫೈಲು ಹಿಡಿದು ಬಂದಿದ್ದ. ನಾವು ಇವತ್ತಿಗೂ ಅವನನ್ನು ಫೈಲಪ್ಪ ಅಂತಲೇ ನೆನೆಸಿಕೊಳ್ಳುವುದು. ಕತ್ತರಿ ತೆಗೆದುಕೊಂಡು ಕಣ್ಣುಮುಚ್ಚಿ ಬಿಡುವುದರೊಳಗೆ ತೋಳು ಬಿಚ್ಚಿದ. ಜೊತೆಗೆ ಕಂಕುಳಲ್ಲಿ ಬೆರಳು ತೂರುವಷ್ಟು ತೂತು. ದೊಡ್ಡಮ್ಮ ಆ ತೂತಿನೊಳಗಿಂದಲೇ ಅವನ ಮುಖ ನೋಡಿ, "ಊಟ ಮಾಡ್ಕೊಂಡು ಹೋಗಪ್ಪ" ಅಂದಳು. ಅವನು ಹೋದ ಮೇಲೆ ನನಗೆ ಹೇಳಿದಳು: "ಹೊಲಿಯೋದನ್ನ ನಾನು ಕಲಿಸ್ತೀನಿ ಕಣೆ. ತಾಳ್ಮೆ ಎಲ್ಲಿಂದ ತಂದು ಕೊಡ್ಲಿ?"

ನಾನು ಬೆಳೆದದ್ದೇ ಆ ಅಂಗಡಿಯಲ್ಲಿ. ಅಮ್ಮ ಕೆಲಸದಿಂದ ಬರುವವರೆಗೂ ಕಟಿಂಗ್ ಟೇಬಲ್ಲಿನ ಕೆಳಗೆ ಬಟ್ಟೆಯ ಗಂಟಿಗೆ ಒರಗಿ ಪಾಠ ಓದುತ್ತಿದ್ದೆ. ಮೂರು ಮಿಷನ್ನುಗಳ ಸದ್ದು, ಬಿಸಿ ಇಸ್ತ್ರಿಯ ವಾಸನೆ, ಅಂಗಾಲಿಗೆ ಅಂಟುವ ದಾರದ ತುಣುಕುಗಳು. ಆ ಟೇಬಲ್ಲಿನ ಕೆಳಗೆ ಈಗ ನನ್ನ ಮಂಡಿ ತೂರುವುದಿಲ್ಲ, ಆದರೂ ಎಷ್ಟೋ ಸಲ ಹೋಗಿ ಕೂರಬೇಕು ಅನ್ನಿಸುತ್ತದೆ.

ಆಮೇಲೆ ನಾನೂ ಅಲ್ಲೇ ಮಿಷನ್ ತುಳಿಯತೊಡಗಿದೆ. ನನಗೆ ಇಪ್ಪತ್ತೆರಡು ತುಂಬಿದ ವರ್ಷ, ಕಟಿಂಗ್ ಟೇಬಲ್ಲಿಗೆ ಜನ ಬೇಕು ಅಂತ ದೊಡ್ಡಮ್ಮ ಬಾಗಿಲಿಗೆ ಚೀಟಿ ಅಂಟಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ದೊಡ್ಡಮ್ಮ ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅವಳ ನಂತರ ಅದು ನನ್ನದೇ ಎಂದು ನಾನು ಯಾವತ್ತೋ ತೀರ್ಮಾನ ಮಾಡಿಕೊಂಡಿದ್ದೆ.

"ಹೊರಗಿನವರು ಯಾಕೆ ದೊಡ್ಡಮ್ಮ? ನಾನಿಲ್ವಾ?"

"ನೀನೂ ಬಂದು ಕೂತ್ಕೊ. ಬೇಡ ಅಂದೋರು ಯಾರು?"

ಆ ದಿನ ಬಂದದ್ದು ಒಬ್ಬಳೇ. ಬೀದಿ ಕೊನೆಯಲ್ಲಿ ಅಂಗಿಯ ಗುಂಡಿ, ದಾರ ಮಾರುವ ಅಂಗಡಿಯಲ್ಲಿ ಹನ್ನೊಂದು ವರ್ಷ ಇದ್ದವಳು. ಆ ಅಂಗಡಿ ಮುಚ್ಚಿಹೋಗಿತ್ತು. ಬೀದಿಯವರೆಲ್ಲ ಅವಳನ್ನು ಗುಂಡಿಯಕ್ಕ ಅನ್ನುತ್ತಿದ್ದರು. ಮನೆಮಂದಿಯ ಬಟ್ಟೆ ತಾನೇ ಕತ್ತರಿಸಿ ಹೊಲಿದು ಕೈ ಪಳಗಿಸಿಕೊಂಡಿದ್ದಳಂತೆ. ಇವಳೆಲ್ಲಿ, ನಾನೆಲ್ಲಿ ಅಂದುಕೊಂಡು ಅವಳಿಗೆ ನೀರು ತಂದುಕೊಟ್ಟೆ. ಎರಡು ತಿಂಗಳಿಂದ ನೀರು ಕೊಡುವ ಕೆಲಸ ನನ್ನ ಪಾಲಿಗೆ ಬಿದ್ದಿತ್ತು. ದೊಡ್ಡಮ್ಮನಿಗೆ ಯಜಮಾನಿಕೆ ಜಾಸ್ತಿಯಾಗಿದೆ ಅಂತ ಗೊಣಗಿಕೊಂಡಿದ್ದೆ.

ದೊಡ್ಡಮ್ಮ ಟೇಬಲ್ಲಿನ ಮೇಲೆ ಒಂದೇ ಅಂಗಿ ಹರಡಿದಳು. ಎರಡು ತೋಳೂ ಸೊಟ್ಟ. "ಒಬ್ಬೊಬ್ರು ಒಂದೊಂದು ತೋಳು."

ನಾನು ಬ್ಲೇಡು ಹಿಡಿದು ಚಕಚಕನೆ ಮುಗಿಸಿದೆ. ಬಟ್ಟೆಗೆ ಒಂದು ಗೀರಿಲ್ಲ. ಗುಂಡಿಯಕ್ಕ ಇನ್ನೂ ಸೂಜಿಯ ಮೊನೆಯಲ್ಲಿ ಒಂದೊಂದೇ ಹೊಲಿಗೆ ಎತ್ತುತ್ತಿದ್ದಳು. ಗೆದ್ದೆ ಅನ್ನಿಸಿತು. ಸುಮ್ಮನಿರಬಾರದಿತ್ತೇ ನಾನು?

"ದೊಡ್ಡಮ್ಮ, ಈ ಸಲ ಭಾರಿ ಚೆನ್ನಾಗಿ ಕೆಡಿಸಿದೀಯ. ಕುಡಿದೋರು ಹೊಲಿದಂಗಿದೆ ನೋಡು" ಅಂದೆ.

ದೊಡ್ಡಮ್ಮ ನಗಲಿಲ್ಲ. ಗುಂಡಿಯಕ್ಕ ತನ್ನ ತೋಳು ಮುಗಿಸಿ, ದಾರದ ಚೂರುಗಳನ್ನು ಅಂಗೈಯಲ್ಲಿ ಒಟ್ಟುಮಾಡಿ, ಮೆಲ್ಲಗೆ ಹೇಳಿದಳು: "ಅಮ್ಮ, ಈ ಗುಂಡಿ ನಮ್ಮ ಅಂಗಡಿಯಲ್ಲಿ ನೀವೇ ಆರಿಸಿ ತಗೊಂಡಿದ್ದು. ಇದು ಯಾರೋ ಹಾಕ್ಕೊಳ್ಳೋ ಅಂಗಿ ಅಲ್ವಾ? ಬಟ್ಟೆಗೇನೂ ಆಗಿಲ್ಲ ಬಿಡಿ. ಇವತ್ತೇ ಕೂಡಿಸಿಬಿಡಬಹುದು."

ಆಗ ನೋಡಿದೆ. ಪರೀಕ್ಷೆಯ ಅಂಗಿಗಳಿಗೆ ಗುಂಡಿ ಹಾಕುವ ರೂಢಿಯೇ ಇರಲಿಲ್ಲ. ಇದಕ್ಕೆ ಸಾಲಾಗಿ ಆರು ಬಿಳಿ ಗುಂಡಿಗಳಿದ್ದವು. ಹುಟ್ಟಿದಾಗಿನಿಂದ ಅಲ್ಲೇ ಬಿದ್ದಿದ್ದ ನನಗೆ ಅದು ಕಂಡಿರಲಿಲ್ಲ. ಟೇಬಲ್ಲಿನ ಮೇಲಿದ್ದ ದೊಡ್ಡಮ್ಮನ ಬಲಗೈ ಸಣ್ಣಗೆ ನಡುಗುತ್ತಿತ್ತು. ನೀರಿನ ಲೋಟ ನನ್ನ ಪಾಲಿಗೆ ಯಾಕೆ ಬಂತು, ಈ ತೋಳುಗಳು ಯಾಕೆ ಸೊಟ್ಟಗಾದವು ಎಂಬುದು ಆಗ ತಿಳಿಯಿತು.

"ನಿನ್ನ ಕೈ ಚೆನ್ನಾಗಿದೆ ಮಗಳೆ," ಅಂದಳು ದೊಡ್ಡಮ್ಮ. "ಕಣ್ಣು ಮಾತ್ರ ಬಟ್ಟೆ ಮೇಲಿಲ್ಲ." ತನ್ನ ದೊಡ್ಡ ಕತ್ತರಿಯನ್ನು ಗುಂಡಿಯಕ್ಕನ ಕಡೆ ಸರಿಸಿದಳು.

ಮೂರು ದಿನ ಮುಖ ಊದಿಸಿಕೊಂಡು ಓಡಾಡಿದೆ. ನಾಲ್ಕನೆಯ ದಿನ ಮಿಷನ್ನಿನ ಮುಂದೆ ಹೋಗಿ ಕೂತೆ. ಹೊಟ್ಟೆಕಿಚ್ಚಿಗಿಂತ ನಾಚಿಕೆ ದೊಡ್ಡದಿತ್ತು, ಅದನ್ನು ಯಾರ ಹತ್ತಿರ ಹೇಳಲಿ? ಗುಂಡಿಯಕ್ಕ ಆ ದಿನದ ನನ್ನ ಮಾತನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಅದಕ್ಕೇ ಅವಳ ಮೇಲೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಆ ವರ್ಷದ ಕೊನೆಗೆ ಕೈ ನಡುಕ ಹೆಚ್ಚಾಗಿ ದೊಡ್ಡಮ್ಮ ಮನೆಯಲ್ಲೇ ಉಳಿದಳು. ಕಿಟಕಿ ಹತ್ತಿರ ಕೂತು ಬೀದಿ ನೋಡುವಳು, ಊಟ ಅರ್ಧಕ್ಕೇ ಬಿಡುವಳು. ಅಂಗಡಿಗೆ ಬಾ ಅಂದರೆ "ಸುಮ್ನೆ ಬಂದು ಕೂರೋಕೆ ಅದೇನು ನೆಂಟರ ಮನೇನಾ?" ಅನ್ನುವಳು.

ಒಂದು ಬೆಳಿಗ್ಗೆ ತಾನಾಗಿ ಬಂದಳು. ಒಳಗೆ ಬರಲಿಲ್ಲ. ಕೆಲಸ ಕೇಳುವವರು ನಿಲ್ಲುತ್ತಿದ್ದ ಜಾಗದಲ್ಲೇ, ಬಾಗಿಲ ಪಕ್ಕ ನಿಂತು ಕೇಳಿದಳು: "ಏನಾದ್ರೂ ಕೆಲಸ ಇದೆಯಾ?"

ನನ್ನ ಬಾಯಿಗೆ ಒಂದು ತಮಾಷೆ ಬಂದಿತ್ತು. ನುಂಗಿಕೊಂಡೆ.

ಗುಂಡಿಯಕ್ಕ ಕತ್ತರಿ ಕೆಳಗಿಟ್ಟು, "ನೀರು ತಗೊಂಡು ಬಾ" ಅಂದಳು ನನಗೆ. ಆಮೇಲೆ ಹಿಂದಿನ ದಿನ ನಾನು ಗಮನವಿಲ್ಲದೆ ತೋಳು ತಿರುವುಮುರುವಾಗಿ ಕೂಡಿಸಿದ್ದ ಅಂಗಿ ತಂದು ದೊಡ್ಡಮ್ಮನ ಮುಂದೆ ಹರಡಿದಳು. ಸೂಜಿ, ಅರ್ಧ ಬ್ಲೇಡು, ಕತ್ತರಿ ಪಕ್ಕದಲ್ಲಿಟ್ಟಳು. "ಇದನ್ನ ಬಿಚ್ಚಿ ಕೊಡಿ."

ದೊಡ್ಡಮ್ಮ ಸೂಜಿ ತೆಗೆದುಕೊಂಡಳು. ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿ ಹಿಡಿದು, ನಡುಕ ನಿಂತಾಗ ಒಂದು ಹೊಲಿಗೆ ಎತ್ತುವಳು, ಮತ್ತೆ ಕಾಯುವಳು. ನನಗೆ ಮಿಷನ್ ತುಳಿಯಲು ಆಗಲಿಲ್ಲ. ಗುಂಡಿಯಕ್ಕ ಮಾತ್ರ ತಲೆ ಎತ್ತದೆ ತನ್ನ ಕೆಲಸ ಮಾಡುತ್ತಿದ್ದಳು. ಊಟದ ಹೊತ್ತಿಗೆ ತೋಳು ಬಿಟ್ಟುಕೊಂಡಿತು. ಗುಂಡಿಯಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದಳು. ಅಷ್ಟು ಹೊತ್ತು ದೊಡ್ಡಮ್ಮ ದಾರದ ಚೂರುಗಳನ್ನು ಅಂಗೈಯಲ್ಲಿ ಒಟ್ಟುಮಾಡುತ್ತಿದ್ದಳು.

"ನಾಳೆಯಿಂದ ಬನ್ನಿ. ಒಂಬತ್ತಕ್ಕೆ."

ಮಾರನೆಯ ದಿನ ನಾನು ಬಾಗಿಲು ತೆಗೆಯಲು ಹೋದಾಗ ಎಂಟೂವರೆ. ದೊಡ್ಡಮ್ಮ ತಲೆ ಬಾಚಿಕೊಂಡು, ಊಟದ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದಳು.