ನಿಂತು ನೋಡಿ ಹೋದವನು

ಮಾತ್ರೋನಾ ಪವಿಲಾಳ ಸಿಟ್ಟು ಹಿಮನಾಡಿನ ಕಸ್ಕೊಕ್ವಿಮ್ ನದಿಯ ಉದ್ದಕ್ಕೂ ಹೆಸರುವಾಸಿ. ಆ ಚಳಿಗಾಲ ನಾಯಿಬಂಡಿ ಪಂದ್ಯ ಹೊರಡುವಾಗ ಮೈಕು ಹಿಡಿದವನು, "ಈಗ ಬರ್ತಾ ಇದಾರೆ ನಮ್ಮೆಲ್ಲರ ಪ್ರೀತಿಯ ಅಜ್ಜಿ!" ಎಂದು ಕೂಗಿದ್ದಕ್ಕೆ ಅವಳು ಬಂಡಿಯ ಬ್ರೇಕಿನ ಮೇಲೆ ನಿಂತುಕೊಂಡೇ, "ನಿನ್ನಜ್ಜಿ ಮನೇಲಿ ಮೀನು ಕೊಯ್ತಿರ್ತಾಳೆ, ಹೋಗಿ ನೋಡು. ನಾನು ಗೆಲ್ಲೋಕೆ ಬಂದೋಳು" ಎಂದು ಗದರಿದ್ದಳು. ಜನ ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ.

ಸಿಟ್ಟು ಸುಮ್ಮನೆ ಬಂದದ್ದಲ್ಲ. ಊರವರೆಲ್ಲ ನಾಯಿಗಳನ್ನು ಬಿಟ್ಟು ಹಿಮದ ಮೇಲೆ ಓಡುವ ಮೋಟಾರು ಕೊಂಡಾಗ ಅವಳ ಗಂಡ ವಾಸಿಲಿಯೂ ಕೊಂಡಿದ್ದ. ನದಿ ಇನ್ನೂ ಸರಿಯಾಗಿ ಹೆಪ್ಪುಗಟ್ಟದ ದಿನಗಳಲ್ಲಿ ಅದನ್ನು ಓಡಿಸಿಕೊಂಡು ಹೋಗಿ, ತೆಳು ಮಂಜುಗಡ್ಡೆ ಒಡೆದು ಮುಳುಗಿಹೋದ. ನಾಯಿಗಳಾಗಿದ್ದರೆ ಅಂಥ ಕಡೆ ಹೆಜ್ಜೆ ಇಡುತ್ತಿರಲಿಲ್ಲ. ಮಣ್ಣು ಮಾಡಲು ಬಂದ ನೆಂಟರು, "ಉಳಿದಿರೋ ನಾಯಿಗಳಿಗೂ ಗುಂಡು ಹೊಡೆದುಬಿಡು, ಒಬ್ಬಳೇ ಹೆಂಗಸು ಹೆಂಗೆ ಸಾಕ್ತೀಯಾ?" ಎಂದರು. ಹಾಗೆಂದವರನ್ನು ಅವಳು ಬಾಗಿಲಾಚೆ ಅಟ್ಟಿದಳು. ಸಾಲ್ಮನ್ ಹಿಡಿಯಬಾರದೆಂದು ಅಧಿಕಾರಿಗಳು ಬಲೆ ಹಾಕುವುದನ್ನು ನಿಲ್ಲಿಸಿದ ವರ್ಷವಂತೂ ನದಿಯ ಮಂಜುಗಡ್ಡೆ ಕೊರೆದು ಸಿಕ್ಕ ಸಿಕ್ಕ ಮೀನು ಹಿಡಿದಳು. ತನಗಿಲ್ಲದಿದ್ದರೂ ನಾಯಿಗಳಿಗೆ ಹಾಕಿದಳು, ಹಾಕುವಾಗಲೆಲ್ಲ ಅಧಿಕಾರಿಗಳನ್ನು ಬೈದಳು.

ಇಂಥವಳು ಲೋಕದಲ್ಲಿ ಮೆತ್ತಗೆ ಮಾತಾಡಿಸುತ್ತಿದ್ದದ್ದು ಒಬ್ಬನನ್ನೇ, ತಂಗಿ ಉಲಿಯಾನಾಳ ಮಗ ನಿಕಿಫೋರ್‌ನನ್ನು. ಅವನು ಹುಟ್ಟುವ ಸ್ವಲ್ಪ ಮುಂಚೆಯಷ್ಟೇ ಅವಳ ಅಪ್ಪ ತೀರಿಕೊಂಡಿದ್ದ. ತಮ್ಮ ಯೂಪಿಕ್ ಬುಡಕಟ್ಟಿನ ಭಾಷೆಯಲ್ಲಿ ಅಪ್ಪನಿಗಿದ್ದ ಅಂಗೈಯಾಕ್ ಎಂಬ ಹೆಸರನ್ನೇ ಮಗುವಿಗೆ ಎರಡನೆಯ ಹೆಸರಾಗಿಟ್ಟರು. ಅವರ ನಂಬಿಕೆಯಲ್ಲಿ ಸತ್ತವರ ಹೆಸರು ಬಂದ ಮೇಲೆ ಸತ್ತವರೇ ಬಂದಂತೆ. ಹಾಗಾಗಿ ತೊಟ್ಟಿಲ ಕೂಸನ್ನು ಮಾತ್ರೋನಾ "ಅಪ್ಪಾ" ಎಂದು ಕರೆದಳು. ಮಾತು ಕಲಿತ ಹುಡುಗ ಅವಳನ್ನು "ಮಗಳೇ" ಎಂದ. ಅವನು ಬೆಳೆದು ಗಡ್ಡ ಬಂದು, ಕುಡಿಯಲು ಕಲಿತು, ಹಳದಿ ಮೋಟಾರೊಂದನ್ನು ಹುಚ್ಚಾಪಟ್ಟೆ ಓಡಿಸತೊಡಗಿದ ಮೇಲೂ ಅವಳು, "ಅಪ್ಪಾ, ಊಟ ಆಯ್ತಾ?" ಎಂದೇ ಕೇಳುತ್ತಿದ್ದಳು.

ಪಂದ್ಯದ ಎರಡನೆಯ ದಿನ ಅವಳು ಮೂರನೆಯ ಸ್ಥಾನದಲ್ಲಿದ್ದಳು. ಗಾಳಿ ಎದ್ದು ಹಿಮದ ಪುಡಿ ಹಾರುತ್ತಿತ್ತು. ಮುಂದಾಳು ನಾಯಿ ಪೈಲಟ್ ಕಿವಿ ನಿಮಿರಿಸಿ ದಾರಿ ಬಿಟ್ಟು ಬಲಕ್ಕೆ ಎಳೆಯಿತು. ಅಷ್ಟರಲ್ಲಿ ಎದುರಿನಿಂದ ಹಳದಿ ಮೋಟಾರು ಬಂದು ನಾಯಿಗಳಿಗೆ ನುಗ್ಗಿತು. ಹಗ್ಗ ಸಿಕ್ಕುಬಿದ್ದು ಬಂಡಿ ಮಗುಚಿತು. ಮಾತ್ರೋನಾ ಎದ್ದು ನೋಡಿದರೆ ಪೈಲಟ್ ಅಲುಗಾಡುತ್ತಿರಲಿಲ್ಲ. ಅದರ ಪಕ್ಕದ ನಾಯಿ ಬಟನ್ ಮುರಿದ ಕಾಲನ್ನೆತ್ತಿ ಊಳಿಡುತ್ತಿತ್ತು.

ಮೋಟಾರು ಸ್ವಲ್ಪ ದೂರದಲ್ಲಿ ನಿಂತಿತ್ತು. ಮೇಲಿದ್ದವನು ತಿರುಗಿ ನೋಡಿದ. "ಅಪ್ಪಾ!" ಎಂದು ಅವಳು ಕೂಗಿದಳು. "ಅಪ್ಪಾ, ಬಾ! ಹಗ್ಗ ಹಿಡ್ಕೋ ಬಾ!" ಅವನು ಇನ್ನೊಂದು ಗಳಿಗೆ ನೋಡಿದ. ಆಮೇಲೆ ಮೋಟಾರು ಗುರ್ರೆಂದಿತು. ಅವನು ಹೊರಟುಹೋದ.

ಸತ್ತ ನಾಯಿಯನ್ನೂ ನರಳುವ ನಾಯಿಯನ್ನೂ ಬಂಡಿಯಲ್ಲಿ ಹಾಕಿಕೊಂಡು ಅವಳು ಮುಂದಿನ ಊರು ಸೇರಿದಳು. ಪಂದ್ಯ ಬಿಟ್ಟೆ ಎಂದಳು. "ಯಾರು ಅಂತ ಗೊತ್ತಾಯ್ತಾ?" ಎಂದು ಪಂದ್ಯದವರು ಕೇಳಿದರು. "ಗೊತ್ತು. ಮೊದಲು ನಾನು ಅವನನ್ನ ಕೇಳ್ಬೇಕು."

ತಂಗಿಯ ಮನೆಯಲ್ಲಿ ಒಲೆಯ ಮೇಲೆ ಮಾಂಸದ ಸಾರು ಕುದಿಯುತ್ತಿತ್ತು. ನಿಕಿಫೋರ್ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಉಲಿಯಾನಾ ಅಡ್ಡ ಬಂದಳು.

"ಹಿಮ ಹಾರ್ತಿತ್ತಂತೆ ಕಣಕ್ಕಾ. ಕಾಣ್ಲಿಲ್ವಂತೆ."

"ಕಾಣ್ಲಿಲ್ಲ, ಸರಿ. ಗುದ್ದಿದ, ಅದೂ ಸರಿ ಅನ್ನು. ನಿಂತು ನೋಡಿ ಹೋದ್ನಲ್ಲ, ಅದಕ್ಕೇನಂತೆ?"

"ಹೆದರಿಬಿಟ್ಟಿದ್ದ."

"ಬಟನ್ ಹೆದರಿರ್ಲಿಲ್ವಾ? ನಾನು ಹೆದರಿರ್ಲಿಲ್ವಾ? ಅಪ್ಪಾ, ಏಳು. ಮುಖ ತೋರ್ಸು."

ಅವನು ಏಳದೆಯೇ, "ಮಗಳೇ, ನಾನು..." ಎಂದ.

"ಹಾಗನ್ಬೇಡ! ನಮ್ಮಪ್ಪ ಗಾಯ ಆದ ನಾಯಿನ ಬಿಟ್ಟು ಬಂದೋನಲ್ಲ. ಅವನ ಹೆಸರಿಟ್ಕೊಂಡು ಇಲ್ಲಿ ಹೊದ್ದು ಮಲಗಿದೀಯಲ್ಲೋ! ಪಂದ್ಯ ಮುಗಿದ್ಮೇಲೆ ಬಹುಮಾನದ ಊಟಕ್ಕೆ ಎಲ್ಲಾರೂ ಸೇರ್ತಾರೆ. ಅಲ್ಲಿ ನೀನೇ ಎದ್ದು ನಿಂತು ಹೇಳು. ಇಲ್ದಿದ್ರೆ ನಾನು ಹೇಳ್ತೀನಿ."

"ಒಂದು ನಾಯಿಗೋಸ್ಕರ ಮನೆ ಮಾನ ತೆಗೀತೀಯಾ?" ಎಂದು ಉಲಿಯಾನಾ ಅಳತೊಡಗಿದಳು.

"ಮಾನ ತೆಗೆದೋನು ಇಲ್ಲೇ ಮಲಗಿದಾನೆ" ಎಂದು ಮಾತ್ರೋನಾ ಬಾಗಿಲು ಬಡಿದುಕೊಂಡು ಹೊರಬಂದಳು.

ಊಟದ ದಿನ ಸಭಾಭವನ ತುಂಬಿತ್ತು. ಉಲಿಯಾನಾ ಒಬ್ಬಳೇ ಬಂದಿದ್ದಳು. ಅಷ್ಟು ಹೊತ್ತಿಗೆ ಹಳದಿ ಮೋಟಾರು ಯಾರದೆಂದು ಊರಿಗೆಲ್ಲ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಗೆದ್ದವರಿಗೆಲ್ಲ ಕೊಟ್ಟಾದ ಮೇಲೆ ಪಂದ್ಯದವರು ಮಾತ್ರೋನಾಳನ್ನು ಕರೆದು ನೀರುನಾಯಿಯ ತುಪ್ಪಳದ ಟೋಪಿಯೊಂದನ್ನು ಕೈಗಿಟ್ಟರು. "ಇಂಥಾ ದುಃಖದಲ್ಲೂ ಸಹನೆ ತೋರಿಸಿದ ತಾಯಿಗೆ" ಎಂದ ಮೈಕಿನವನು.

ಅವಳ ಮುಖ ಕೆಂಪೇರಿತು. ಅವನ ಕೈಯಿಂದ ಮೈಕು ಕಿತ್ತುಕೊಂಡಳು.

"ಸಹನೆನಾ? ನನಗೆಲ್ಲಿದೆ ಸಹನೆ? ಯಾರು ಮಾಡಿದ್ದು ಅಂತ ನಿಮಗೆಲ್ಲಾ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡು, ನನಗೂ ಮುಚ್ಕೋ ಅಂತ ಟೋಪಿ ಕೊಡ್ತೀರಾ? ನಾಳೆ ಅವನು ಕುಡಿದು ನಿಮ್ಮ ಮಕ್ಕಳ ಮೇಲೆ ಹತ್ತಿಸ್ತಾನೆ. ಆಗ್ಲೂ ಟೋಪಿ ಹಂಚ್ತೀರಾ? ನಿಕಿಫೋರ್. ನನ್ನ ತಂಗಿ ಮಗ. ನನ್ನಪ್ಪ."

ಟೋಪಿಯನ್ನು ಮೇಜಿನ ಮೇಲೆ ಎಸೆದು ಇಳಿದಳು. ಉಲಿಯಾನಾ ಎದ್ದು ಹೊರನಡೆದಳು.

ಪೊಲೀಸರು ವಿಮಾನದಲ್ಲಿ ಬಂದು ನಿಕಿಫೋರ್‌ನನ್ನು ಕರೆದೊಯ್ದರು. ಅವನು ಒಪ್ಪಿಕೊಂಡು ಶಿಕ್ಷೆ ಅನುಭವಿಸಿದ. ಉಲಿಯಾನಾ ಅಕ್ಕನ ಜೊತೆ ಮಾತು ಬಿಟ್ಟಳು. ಅಂಗಡಿಯಲ್ಲಿ ಎದುರಾದರೆ ಚಹಾಪುಡಿ ಕೊಳ್ಳುವುದನ್ನೂ ಬಿಟ್ಟು ಹೊರಟುಬಿಡುತ್ತಿದ್ದಳು. ಅದಕ್ಕಾಗಿ ಮಾತ್ರೋನಾ ಮನೆಯಲ್ಲಿ ಒಬ್ಬಳೇ ಅತ್ತಳು, ಅತ್ತದ್ದಕ್ಕೆ ತನ್ನ ಮೇಲೇ ಸಿಟ್ಟಾದಳು. ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ನದಿಯ ಗಡ್ಡೆ ಒಡೆದು ಹರಿದುಹೋದ ಮೇಲೆ ಒಂದು ಮಧ್ಯಾಹ್ನ ನಿಕಿಫೋರ್ ನಡೆದುಕೊಂಡು ಬಂದ. ಅವಳು ಬಲೆ ಹೆಣೆಯುತ್ತಿದ್ದಳು. ಅವನು ದೂರದಲ್ಲೇ, ನಾಯಿಗೂಡುಗಳ ಬಳಿ ನಿಂತ.

"ತಪ್ಪಾಯ್ತು" ಎಂದ. "ನೀನು ಕೂಗಿದ್ದು ಕೇಳಿಸ್ತು. ಕೇಳಿಸಿಯೂ ಹೋದೆ."

ಅವಳ ಕೈ ನಿಂತಿತು. ಈ ಮಾತನ್ನು ಅವನು ಹೇಳಬಹುದೆಂದು ಅವಳು ಎಣಿಸಿರಲಿಲ್ಲ.

"ಒಪ್ಕೊಂಡ್ಯಲ್ಲ, ಅಷ್ಟು ಸಾಕು. ಕ್ಷಮಿಸೋಕೆ ನನ್ನ ಕೈಲಾಗಲ್ಲ" ಎಂದಳು. "ಆಗ್ದೇ ಇದ್ದದ್ದನ್ನ ಆಯ್ತು ಅನ್ನಲ್ಲ."

"ಸರಿ" ಎಂದು ಅವನು ತಲೆಯಾಡಿಸಿದ.

ಕಾಲು ಸೊಟ್ಟಗೆ ಕೂಡಿಕೊಂಡಿದ್ದ ಬಟನ್ ಆಗ ಗೂಡಿನಿಂದೆದ್ದು ಕುಂಟುತ್ತ ಬಂದು, ಸರಪಳಿ ಎಟಕುವ ತನಕ ಎಳೆದು, ಬಾಲ ಆಡಿಸುತ್ತ ಅವನ ಕೈ ನೆಕ್ಕಿತು. ಅವನು ಮೊಣಕಾಲೂರಿ ಅದರ ಕುತ್ತಿಗೆಗೆ ಮುಖ ಒತ್ತಿಕೊಂಡ. ಅವನ ಭುಜ ಕುಲುಕುವುದನ್ನು ನೋಡಿ ಮಾತ್ರೋನಾಳಿಗೆ ಮೈಯೆಲ್ಲ ಉರಿಯಿತು.

"ಥೂ, ನಾಚಿಕೆಗೆಟ್ಟ ನಾಯಿ! ನಿನ್ನ ಕಾಲು ಮುರಿದೋನು ಕಣೋ ಅವನು!" ಎಂದು ಬಟನ್‌ಗೆ ಬೈದಳು. ಅದು ಇನ್ನೂ ಜೋರಾಗಿ ಬಾಲ ಆಡಿಸಿತು.

ಅವಳು ಸಿಟ್ಟಿನಿಂದಲೇ ಒಳಗೆ ಹೋಗಿ, ಸಿಟ್ಟಿನಿಂದಲೇ ಚಹಾ ಕುದಿಸಿ, ಒಂದು ಲೋಟ ಹೊರಗೆ ತಂದು ಮೆಟ್ಟಿಲ ಮೇಲೆ ಕುಕ್ಕಿದಳು.

"ಕುಡಿದು ಹೋಗು" ಎಂದಳು. ಅಪ್ಪಾ ಎನ್ನಲಿಲ್ಲ.