ಮೊಳೆ ಚಿಕ್ಕಪ್ಪನಿಗೆ ಸಿಕ್ಕ ಡೀಕಂಪೋಸ್

ನಮ್ಮ ಚಿಕ್ಕಪ್ಪನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಮೊಳೆ ಚಿಕ್ಕಪ್ಪ ಅಂತಲೇ. ಗೋಡೆಗೆ ಹೊಡೆಯುವ ಮೊಳೆಯಲ್ಲ, ಅಚ್ಚಿನ ಮೊಳೆ. ಮೀಸೆ ಚಿಗುರಿದಾಗಿನಿಂದ ಕೂದಲು ನೆರೆಯುವತನಕ ಅವರು ಪ್ರೆಸ್ಸಿನಲ್ಲಿ ಕಂಪೋಸಿಟರ್. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಪುಟ ಜೋಡಿಸುವುದು, ಅಚ್ಚಾದ ಮೇಲೆ ಬಿಡಿಸಿ ಮತ್ತೆ ಅದರದರ ಗೂಡಿಗೆ ಸೇರಿಸುವುದು. ಕಂಪ್ಯೂಟರ್ ಬಂತು, ಪ್ರೆಸ್ಸು ಮುಚ್ಚಿತು, ಮೊಳೆಗಳನ್ನೆಲ್ಲ ಕರಗಿಸಿಬಿಟ್ಟರು. ಚಿಕ್ಕಪ್ಪ ಮಂಕು ಬಡಿದವರ ಹಾಗೆ ಕಿಟಕಿ ಪಕ್ಕ ಕೂತರು.

ಸುಮ್ಮನೆ ಕೂತವರನ್ನು ಕಂಡರೆ ಚಿಕ್ಕಮ್ಮನಿಗೆ ಮೈಯೆಲ್ಲ ಉರಿ. ಹಿತ್ತಲಿನ ಗೊಬ್ಬರದ ಡ್ರಮ್ಮನ್ನು ಅವರ ತಲೆಗೆ ಕಟ್ಟಿದರು. ಚಿಕ್ಕಪ್ಪ ಮೂಗು ಹಿಡಿದುಕೊಂಡು ತರಕಾರಿ ಸಿಪ್ಪೆ ಸುರಿದು ಓಡಿ ಬರುತ್ತಿದ್ದರು.

ಒಂದು ಬೆಳಿಗ್ಗೆ ಅವರು ಗಡ್ಡ ಹೆರೆಯುತ್ತಿದ್ದರು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಮಗಳು ಪಕ್ಕದಲ್ಲೇ ಅವತ್ತಿನ ಪಾಠ ಗಟ್ಟಿಯಾಗಿ ಓದುತ್ತಿದ್ದಳು. "ಡೀಕಂಪೋಸ್ ಅಂದ್ರೆ ಕೊಳೆಯೋದು..."

ಚಿಕ್ಕಪ್ಪನ ಕೈ ಗಕ್ಕನೆ ನಿಂತಿತು. "ಏನಂದೆ? ಕೊಳೆಯೋದಕ್ಕೆ ನನ್ನ ಕಂಪೋಸ್ ಕೆಲಸದ ಹೆಸರಾ? ಎಷ್ಟು ಸೊಕ್ಕು!"

ಮಗಳು ನಗುತ್ತಾ ದಪ್ಪ ನಿಘಂಟು ತೆಗೆದಳು. "ಫ್ರೆಂಚಿನಿಂದ ಬಂದಿದ್ದಂತೆ ಅಪ್ಪ. ಕಂಪೋಸ್ ಅಂದ್ರೆ ಒಟ್ಟಿಗೆ ಇಡೋದು. ಡೀ ಅಂದ್ರೆ ಅದನ್ನ ಬಿಡಿಸೋದು. ಕೊಳೆಯೋದು ಅನ್ನೋ ಅರ್ಥ ಆಮೇಲೆ ಸೇರಿಕೊಂಡಿದ್ದು."

"ಬಿಡಿಸೋದಾ? ಅಷ್ಟೇನಾ?"

"ಇನ್ನೂ ಇದೆ. ನಮ್ಮ ಡ್ರಮ್ಮಿನ ಕಂಪೋಸ್ಟ್ ಇದೆಯಲ್ಲ, ಅದರ ಬೇರು ಲ್ಯಾಟಿನ್. ಒಟ್ಟಿಗೆ ಇಟ್ಟದ್ದು ಅಂತ ಅರ್ಥ!"

ಚಿಕ್ಕಪ್ಪ ಅರ್ಧ ಮುಖದ ನೊರೆಯಲ್ಲೇ ಹಿತ್ತಲಿಗೆ ಹಾರಿದರು. ಡ್ರಮ್ಮಿಗೆ ಮೊಣಕೈತನಕ ಕೈ ಇಳಿಸಿದರು. ಒಳಗೆ ಬೆಚ್ಚಗಿತ್ತು.

"ಬಾರೇ ಇಲ್ಲಿ! ಇದು ಕೆಡ್ತಿಲ್ಲ ಕಣೇ, ಪುಟ ಬಿಡಿಸ್ತಾ ಇದೆ! ಎಲೆ ಮುಗೀತು, ಅಕ್ಷರ ಎಲ್ಲ ವಾಪಸ್ ಗೂಡಿಗೆ!"

"ಮೊದಲು ಮುಖ ತೊಳ್ಕೊಳ್ಳಿ," ಅಂದರು ಚಿಕ್ಕಮ್ಮ. ಅವರ ಕೈ ನೋಡಿ, "ಅಯ್ಯೋ, ಬೇಡ, ಮೊದಲು ಕೈ!"

ಚಿಕ್ಕಪ್ಪನ ಉತ್ಸಾಹ ನೋಡಿ ಮಗಳು ಅವರನ್ನು ಆ ವಾರವೇ ತನ್ನ ತರಗತಿಗೆ ಕರೆದೊಯ್ದಳು. ನಾನೂ ಜೊತೆಗೆ ಹೊರಟೆ. ಚಿಕ್ಕಪ್ಪ ಮಕ್ಕಳ ಕೈಗೆ ಒಂದೊಂದು ಅಕ್ಷರ ಬರೆದ ರಟ್ಟು ಕೊಟ್ಟರು. ಇಬ್ಬರು ಹುಡುಗಿಯರು ಅಂಟಿಕೊಂಡು ನಿಂತರೆ "ಮರ".

"ಮರ ಬಿತ್ತು, ಕೊಳೀತು. ಬಿಡಿಸಿ!"

ಹುಡುಗಿಯರು ಬೇರೆ ಬೇರೆ ಕಡೆಗೆ ಓಡಿದರು. "ರ" ಹಿಡಿದವಳು ದಿಕ್ಕುತೋಚದೆ ನಿಂತಾಗ "ಸ" ಹಿಡಿದ ಹುಡುಗ ಬಂದು ಅವಳ ಪಕ್ಕ ನಿಂತ.

"ರಸ!" ಇಡೀ ತರಗತಿ ಕಿರುಚಿತು.

"ಮರದ ರ ಹಾಳಾಯ್ತಾ?"

"ಇಲ್ಲಾ!"

ಆಮೇಲೆ ಮಕ್ಕಳನ್ನು ಹಿಡಿಯುವವರಿಲ್ಲ. "ಸರ" ಆಯಿತು, "ಸಮ" ಆಯಿತು, ಗದ್ದಲಕ್ಕೆ ಪಕ್ಕದ ಕೋಣೆಯ ಮೇಷ್ಟ್ರು ಇಣುಕಿದರು. ಚಿಕ್ಕಪ್ಪನ ಮುಖದಲ್ಲಿ ಅಂಥ ಕಳೆಯನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿದಳು. "ತಾತಾ, ಹಾಗಾದ್ರೆ ಪ್ಲಾಸ್ಟಿಕ್ ಯಾಕೆ ಬಿಡಿಸಿಕೊಳ್ಳಲ್ಲ?"

"ನಂಗೊತ್ತಿಲ್ಲ!" ಚಿಕ್ಕಪ್ಪ ಖುಷಿಯಿಂದ ಕೂಗಿದರು. ಮಗಳ ಕಡೆ ತಿರುಗಿ, ತಾವೇ ಒಂದು ಬೆಂಚು ಹುಡುಕಿ, ಮಕ್ಕಳನ್ನು ಸರಿಸಿ ಕೂತರು. "ಟೀಚರ್, ಹೇಳಿ, ಹೇಳಿ!"